ಬಾಯಮ್ಮನ ಹಾಡಿಗೆ ಅಮ್ಮನ ಅಂಜಲ್

ಸಿಸಿಲಿಯಾ ಬಾಯಮ್ಮ ಮುಡಿದ ಮಲ್ಲಿಗೆ ಜಾರದಂತೆ ಹೇರ್‌ಪಿನ್ ಸಿಕ್ಕಿಸುತ್ತಿರಲಿಲ್ಲ. ಅದರ ಮೇಲೆ ಹೆಡ್‌ಫೋನಿನ ಪಟ್ಟಿಯನ್ನು ಒತ್ತಿ ಕೂರಿಸುತ್ತಿದ್ದರು. ಕೆಂಪು ಬಣ್ಣದ, ಒಂದೊಂದು ಕಿವಿಗೂ ಒಂದೊಂದು ತೆಂಗಿನ ಗೆರಟೆ ಕವುಚಿದಂತಿದ್ದ ಹೆಡ್‌ಫೋನು ಅದು. ಎಪ್ಪತ್ತು ದಾಟಿದ ಆ ಹೆಂಗಸು ನೈಲಾನ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಉದ್ಯಾವರದ ನಮ್ಮ ಪಕ್ಕದ ಅಂಗಳದಲ್ಲಿ ಬಟ್ಟೆ ಒಣಗಲು ಹಾಕುವುದನ್ನು ನೋಡಬೇಕಿತ್ತು. ಹಗ್ಗಕ್ಕೆ ಟವೆಲ್ ಹಾಕುವಾಗ ಎರಡು ಹೆಜ್ಜೆ ಕುಣಿತ. ಬೆಡ್‌ಶೀಟ್ ಬಂತೆಂದರೆ ಇಡೀ ಪಲ್ಲವಿ. ಹಾದಿಯಲ್ಲಿ ಹೋಗುವವರಿಗೆ ಹಾಡು ಕೇಳಿಸುತ್ತಿರಲಿಲ್ಲ, ಕುಣಿತ ಮಾತ್ರ ಕಾಣಿಸುತ್ತಿತ್ತು. ಹಾಗಾಗಿ ಊರಿಗೆ ಹೊಸಬರಾದ ಯಾರೋ ಗಾಬರಿಯಿಂದ ನಮ್ಮ ಮನೆಗೆ ಬಂದು, "ಪಕ್ಕದ ಮನೆ ಅಜ್ಜಿಗೆ ಎಂತದೋ ಆಗಿದೆ, ಸ್ವಲ್ಪ ನೋಡಿ" ಎಂದು ಹೇಳಿ ಹೋದದ್ದೂ ಉಂಟು.

ನಮ್ಮ ಕಡೆ ತುಳು ಮಾತಾಡುವವರು ಕೊಂಕಣಿ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ವಾಡಿಕೆ. ಬಾಯಮ್ಮಂದಿರು ಊರಲ್ಲಿ ಬೇಕಾದಷ್ಟಿದ್ದರು. ಆದರೆ ಹಿಂದೆ ಮುಂದೆ ಏನೂ ಸೇರಿಸದೆ ಬರೀ 'ಬಾಯಮ್ಮ' ಎಂದರೆ ಅದು ಸಿಸಿಲಿಯಾ ಬಾಯಮ್ಮನೇ. ಮದುವೆಯಾಗಿರಲಿಲ್ಲ. ತಮ್ಮನ ಸಂಸಾರದ ಜೊತೆ ಇದ್ದರು. ಉಡುಪಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು.

"ಇಡೀ ಸರ್ವಿಸು ಬೇರೆಯವರ ಸಂಸಾರ ಕೇಳಿದ್ದೇ ಮಾರಾಯ್ತಿ" ಎನ್ನುತ್ತಿದ್ದರು. "ಗಂಡ ದುಬಾಯಿಯಲ್ಲಿ, ಹೆಂಡತಿ ಶಿರ್ವದಲ್ಲಿ. ಅವನು ಅಲ್ಲಿ ಅಳುವುದು, ಇವಳು ಇಲ್ಲಿ ಅಳುವುದು, ನಡುವಿನಲ್ಲಿ ನಾನು 'ತ್ರೀ ಮಿನಿಟ್ಸ್ ಓವರ್' ಹೇಳುವುದು. ಈಗಲಾದರೂ ನನ್ನ ಕಿವಿಗೆ ನಾನು ಏನಾದರೂ ಕೊಡಬೇಕಲ್ವಾ?"

ಆ ಕೆಲಸದ ಅಭ್ಯಾಸ ಮಾತ್ರ ಹೋಗಿರಲಿಲ್ಲ. ಹಾಡು ಸ್ವಲ್ಪ ಉದ್ದವಾದರೆ ಸಾಕು, ಕಣ್ಣು ಮುಚ್ಚಿಕೊಂಡೇ "ಓವರ್, ಓವರ್" ಎಂದು ಗಾಯಕನಿಗೆ ಎಚ್ಚರಿಕೆ ಕೊಡುತ್ತಿದ್ದರು.

ಅವರು ಕೇಳುತ್ತಿದ್ದದ್ದು ಹೊಸ ಹಾಡುಗಳನ್ನು ಮಾತ್ರ. ಹೊಸದೆಂದರೆ ಆ ವರ್ಷವೇ ಹುಟ್ಟಿದ್ದು. ಕೂದಲಿಗೆ ನೇರಳೆ ಬಣ್ಣ ಹಚ್ಚಿಕೊಂಡ ಕೊರಿಯಾದ ಹುಡುಗರು, ಟ್ರ್ಯಾಕ್ಟರಿನ ಮೇಲೆ ನಿಂತು ಹಾಡುವ ಪಂಜಾಬಿಗಳು, ಕಾಪುವಿನ ಕಡಲ ಬದಿಯಲ್ಲಿ ಮೊಬೈಲಿನಲ್ಲಿ ವಿಡಿಯೋ ಮಾಡಿ ತುಳುವಿನಲ್ಲಿ ರ್‍ಯಾಪ್ ಹಾಡುವ ಪಡ್ಡೆಗಳು, ಎಲ್ಲರೂ ಅವರಿಗೆ ನಮ್ಮವರೇ. ನಮ್ಮ ಓಣಿಯ ಕೊನೆಯ ಮನೆಯ ವಾಸುದೇವ ಮಾಸ್ತರರಿಗೆ ಹಳೆಯ ಹಾಡೆಂದರೆ ಪ್ರಾಣ. ಅವರೊಮ್ಮೆ ಉಪಾಯವಾಗಿ, "ಬಾಯಮ್ಮ, ನಿನ್ನೆಯ ಮೀನಿನ ಸಾರೇ ಇವತ್ತು ಹೆಚ್ಚು ರುಚಿ. ಹಾಡೂ ಹಾಗೆಯೇ" ಎಂದರು.

"ನಿನ್ನೆಯದ್ದು ಸರಿ ಮಾಸ್ತರ್ರೆ" ಎಂದರು ಬಾಯಮ್ಮ. "ನಿಮ್ಮದು ಐವತ್ತು ವರ್ಷದ ಹಿಂದಿನ ಸಾರು. ಈಗಲೂ ಊಟ ಮಾಡ್ತೀರಾ?"

ನಾನು ಮಣಿಪಾಲದ ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಮಾಡುವವಳು. ಸಂಜೆ ಬಸ್ಸಿಳಿದು ಬರುವಾಗ ಬಾಯಮ್ಮ ಗೇಟಿನಲ್ಲೇ ಕಾದಿರುತ್ತಿದ್ದರು. "ಮಕ್ಕಳು ಎಂತ ಕೇಳ್ತಾರೆ ಈಗ?" ಎನ್ನುವುದು ಅವರ ದಿನದ ಪ್ರಶ್ನೆ. ಫೀಸಿನ ರಶೀದಿ ಬರೆಯುವ ನನಗೆ ಅದು ಹೇಗೆ ಗೊತ್ತಾಗಬೇಕು? ಕೊನೆಗೆ ಒಂದು ದಿನ ಅವರೇ ಬಂದುಬಿಟ್ಟರು. ಮಧ್ಯಾಹ್ನ ಊಟಕ್ಕೆಂದು ಕ್ಯಾಂಟೀನಿಗೆ ಹೋದರೆ ಬಾಯಮ್ಮ ಹತ್ತು ಹನ್ನೆರಡು ಮಕ್ಕಳ ನಡುವೆ ಗೋಳಿಬಜೆ ತಿನ್ನುತ್ತಾ ಕೂತಿದ್ದರು. ಒಬ್ಬ ಹುಡುಗನ ಮೊಬೈಲನ್ನು ಇಸಿದುಕೊಂಡು ಅವನ ಹಾಡುಗಳ ಪಟ್ಟಿಯನ್ನು ಬೆರಳಿನಿಂದ ಮೇಲೆ ಕೆಳಗೆ ಮಾಡಿ, "ಎಂತ ಮಗಾ, ಎಲ್ಲ ಹೋದ ವರ್ಷದ್ದು! ಮನೆಯಲ್ಲಿ ಎಂತಾದರೂ ತೊಂದರೆ ಉಂಟಾ?" ಎಂದು ಕೇಳುತ್ತಿದ್ದರು. ಆ ಹುಡುಗ ನಿಜವಾಗಿಯೂ ತಲೆ ತಗ್ಗಿಸಿದ್ದ. ಆಮೇಲೆ ಆ ಮಕ್ಕಳು ನಮ್ಮ ಆಫೀಸಿಗೆ ಬಂದಾಗಲೆಲ್ಲ ನನ್ನನ್ನು ಕೇಳುತ್ತಿದ್ದದ್ದು ಫೀಸಿನ ವಿಷಯವಲ್ಲ, ಅಜ್ಜಿಯ ವಿಷಯ.

ವರ್ಷವಿಡೀ ಹೀಗೆ ಕೇಳಿ, ಜಾಲಾಡಿ, ಡಿಸೆಂಬರ್ ಬರುವಾಗ ಬಾಯಮ್ಮ ಆ ವರ್ಷದ ತಮ್ಮ ಮೆಚ್ಚಿನ ಹಾಡುಗಳನ್ನು ಆರಿಸಿಡುತ್ತಿದ್ದರು. ಎಲ್ಲಿಯೂ ಬರೆಯುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಎಷ್ಟು ಮನೆಯೋ ಅಷ್ಟು ಹಾಡು, ಒಂದು ಮನೆಗೆ ಒಂದು. ಕ್ರಿಸ್ಮಸಿಗೆ ಅವರ ಮನೆಗಳಲ್ಲಿ ಕುಸ್ವಾರ್ ಮಾಡುತ್ತಾರಲ್ಲ, ನೆವ್ರಿ, ಕಿಡ್ಯೊ, ಗುಳಿಯೊ, ರೋಸ್ ಕುಕ್ಕಿ ಎಂದು ಬಗೆಬಗೆಯ ತಿಂಡಿ. ಅದನ್ನು ತಟ್ಟೆಯಲ್ಲಿಟ್ಟು ಮೇಲೊಂದು ಕ್ರೋಶಾ ಹೆಣಿಗೆಯ ಬಟ್ಟೆ ಮುಚ್ಚಿ ನೆರೆಕರೆಗೆ ಹಂಚುವುದು ಪದ್ಧತಿ. ಬಾಯಮ್ಮ ಕುಸ್ವಾರಿನ ಜೊತೆ ಹಾಡನ್ನೂ ಹಂಚುತ್ತಿದ್ದರು.

ಹಂಚುವ ಕ್ರಮ ಅವರದೇ. ಮೊದಲು ತಟ್ಟೆಯನ್ನು ನಮ್ಮ ಎರಡೂ ಕೈಗೆ ಕೊಡುವುದು. ಕೂಡಲೇ ಹೆಡ್‌ಫೋನನ್ನು ನಮ್ಮ ತಲೆಗೇರಿಸುವುದು. ಕೈಯಲ್ಲಿ ತುಂಬಿದ ತಟ್ಟೆ ಇರುವಾಗ ಕಿವಿಯಲ್ಲಿರುವುದನ್ನು ತೆಗೆಯುವುದು ಹೇಗೆ? ಹಾಡು ಮುಗಿಯುವವರೆಗೆ ಜಗಲಿಯಲ್ಲಿ ನೆಟ್ಟಗೆ ನಿಲ್ಲಲೇಬೇಕು. ಅಷ್ಟು ಹೊತ್ತೂ ಬಾಯಮ್ಮ ಎದುರಿನಲ್ಲಿ ನಿಂತು ನಮ್ಮ ಮುಖವನ್ನೇ ನೋಡುತ್ತಿದ್ದರು. ಮೊಬೈಲಿಗೆ ಕಳಿಸಿದರೆ ಸಾಲದೇ ಎಂದು ನಾನೊಮ್ಮೆ ಕೇಳಿದೆ.

"ಕಳಿಸಿದ್ದನ್ನು ಯಾರು ಕೇಳ್ತಾರೆ? ನೀನು ಕೇಳ್ತೀಯಾ?" ಎಂದರು. ನಾನು ಕೇಳುತ್ತಿರಲಿಲ್ಲ, ಅದು ಅವರಿಗೂ ಗೊತ್ತಿತ್ತು.

ಬಂದ ತಟ್ಟೆಯನ್ನು ಖಾಲಿ ಹಿಂದಿರುಗಿಸಬಾರದು ಎನ್ನುವುದು ನಮ್ಮೆಲ್ಲರ ಮನೆಗಳ ನಿಯಮ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಮೊದಲ ವರ್ಷ ನನ್ನ ಅಮ್ಮ ಹಾಗೆಯೇ ಮಾಡಿದಳು. ಬಾಯಮ್ಮ ಸಕ್ಕರೆ ಕಂಡು ಉರಿದುಬಿದ್ದು ತಟ್ಟೆಯ ಸಮೇತ ವಾಪಸು ಬಂದರು. ಅವರಿಬ್ಬರ ಮಾತೆಲ್ಲ ತುಳುವಿನಲ್ಲಿ. ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಗಿರಿಜಾ, ಹಾಡು ಹೇಗುಂಟು ಅಂತ ಕೇಳಿದರೆ ಸಕ್ಕರೆ ಕೊಡುವುದಾ? ನಾನೆಂತ ಇರುವೆಯಾ?"

"ಪರವಾಗಿಲ್ಲ" ಎಂದಳು ಅಮ್ಮ.

"ಎಂತ ಪರವಾಗಿಲ್ಲ? ಸರಿಯಾಗಿ ಹೇಳು."

ಅಮ್ಮ ಕಾಪು ಮಾರ್ಕೆಟಿನಲ್ಲಿ ಮೀನು ಮಾರುವವಳು. ಮಾತು ಕಡಿಮೆ, ಹೊಗಳಿಕೆಯಂತೂ ಇಲ್ಲವೇ ಇಲ್ಲ. ನಾನು ಡಿಗ್ರಿ ಪಾಸಾದ ದಿನವೂ "ಪರವಾಗಿಲ್ಲ" ಎಂದಿದ್ದಳು. "ಬಾಯಮ್ಮ, ನನಗೆ ಲಾಯ್ಕ ಯಾವುದು, ಹಾಳು ಯಾವುದು ಅಂತ ಗೊತ್ತಾಗುವುದು ಮೀನಿನಲ್ಲಿ ಮಾತ್ರ" ಎಂದಳು.

"ಹಾಗಾದರೆ ಮೀನಿನಲ್ಲಿಯೇ ಹೇಳು!"

ಅಲ್ಲಿಂದ ಶುರುವಾಯಿತು. ಉಳಿದ ಮನೆಗಳಿಂದ ಬಾಳೆಹಣ್ಣೋ ನುಗ್ಗೆಕಾಯಿಯೋ ಹೋಗುತ್ತಿತ್ತು, ನಮ್ಮಿಂದ ಮೀನು. ಕೊರಿಯಾದ ಹುಡುಗರಿಗೆ ಬೂತಾಯಿ ಸಿಕ್ಕಿತು. ಕಾರಣ ಕೇಳಿದ್ದಕ್ಕೆ ಅಮ್ಮ, "ರುಚಿ ಉಂಟು, ಮುಳ್ಳು ಹೆಚ್ಚು" ಎಂದಳು. ಕಾಪುವಿನ ರ್‍ಯಾಪಿಗೆ ಬಂಗುಡೆ, ಅದೂ ಊರಿನ ಮಕ್ಕಳೆಂಬ ದಾಕ್ಷಿಣ್ಯಕ್ಕೆ. ಪ್ರೇಮ ವಿಫಲವಾಗಿ ಒಬ್ಬ ಮುಂಬಯಿಯವನು ಉದ್ದಕ್ಕೂ ಗೋಳಾಡಿದ ಹಾಡಿಗೆ ಒಣಮೀನು. "ಅವನು ಅತ್ತು ಅತ್ತು ಉಪ್ಪು ಮಾಡಿಟ್ಟಿದ್ದಾನೆ. ಹಸಿಮೀನು ಹಾಕಿದರೂ ಒಣಗುತ್ತದೆ" ಎಂದಳು. ಬಾಯಮ್ಮ ಪ್ರತಿ ಸಲವೂ ತಟ್ಟೆಯ ಬಟ್ಟೆ ಎತ್ತಿ ನೋಡಿ, ಮುಖ ಸಣ್ಣದು ಮಾಡಿ, "ಬರುವ ವರ್ಷ ನೋಡು" ಎನ್ನುತ್ತಿದ್ದರು. ಅವರಿಗೆ ಬೇಕಿದ್ದದ್ದು ಅಂಜಲ್. ಮೀನಿನಲ್ಲಿ ಅದರ ಮೇಲೆ ಇನ್ನೊಂದಿಲ್ಲ. ಓಣಿಯ ಎಲ್ಲರೂ ಹೊಗಳಿದರೂ ಅವರಿಗೆ ಸಮಾಧಾನವಿರಲಿಲ್ಲ. "ಹೊಗಳುವವರು ಹೊಗಳ್ತಾರೆ, ಕುಸ್ವಾರ್ ತಿಂದ ಬಾಯಿ ಅದು. ನಿನ್ನ ಅಮ್ಮನ ಬಾಯಿಂದ ಒಂದು ಸಲ ಬರಬೇಕು ನೋಡು" ಎಂದು ನನ್ನಲ್ಲಿ ಹೇಳುತ್ತಿದ್ದರು. ಈಸ್ಟರ್ ಕಳೆಯುವಾಗಲೇ, ಯಾವ ಹಾಡನ್ನು ನಮ್ಮ ಮನೆಗಿಡಬೇಕೆಂಬ ಚಿಂತೆ ಅವರಿಗೆ ಶುರುವಾಗುತ್ತಿತ್ತು.

ಒಂದು ವರ್ಷ ಅಂಜಲಿನ ತೀರ ಹತ್ತಿರಕ್ಕೆ ಬಂದಿದ್ದರು. ಅಮ್ಮ ತಟ್ಟೆ ಹಿಡಿದು ನಿಂತು, ಹೆಡ್‌ಫೋನು ಹಾಕಿಸಿಕೊಂಡು, ಎಂದಿಲ್ಲದ ಶಾಂತಿಯಿಂದ ತಲೆದೂಗುತ್ತಾ ಹಾಡು ಮುಗಿಸಿದಳು. ಮರುದಿನ ತಟ್ಟೆಯಲ್ಲಿ ಮಾಂಜಿ ಹೋಯಿತು. ದೊಡ್ಡ ಬಿಳಿ ಮಾಂಜಿ! ಬಾಯಮ್ಮ ತಟ್ಟೆ ಹಿಡಿದುಕೊಂಡೇ ಓಣಿಯಲ್ಲಿ ಮೆರವಣಿಗೆ ಹೊರಟರು. ಮಾಸ್ತರರ ಮನೆ ಮುಟ್ಟಿದಾಗ ಅವರು ನಿಧಾನವಾಗಿ, "ನಿನ್ನೆ ನನಗೆ ಹಾಕಿದಾಗ ಅದರಲ್ಲಿ ಎಂತದೂ ಕೇಳ್ತಿರಲಿಲ್ಲ ಬಾಯಮ್ಮ. ನಿಮಗೆ ಬೇಸರ ಆಗ್ತದೆ ಅಂತ ಸುಮ್ಮನೆ ನಿಂತಿದ್ದೆ" ಎಂದರು. ಹೆಡ್‌ಫೋನಿನ ಚಾರ್ಜು, ಅವರು ಓಣಿಯ ಆ ತುದಿಯಿಂದ ಹಂಚುತ್ತಾ ನಮ್ಮ ಮನೆಗೆ ಬರುವ ಮೊದಲೇ ಮುಗಿದಿತ್ತು. ಅಮ್ಮ ತಲೆದೂಗಿದ್ದು ಬರೀ ಮೌನಕ್ಕೆ.

ಬಾಯಮ್ಮ ನಮ್ಮ ಜಗಲಿಗೆ ಬಂದು ನಿಂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ಎಂತದೂ ಕೇಳದಿದ್ದರೆ ಹೇಳ್ಲಿಕ್ಕಾಗುವುದಿಲ್ವಾ ಗಿರಿಜಾ?"

"ಇದೊಂದು ಹೊಸ ನಮೂನೆ ಅಂತ ಮಾಡಿದೆ" ಎಂದಳು ಅಮ್ಮ. "ನಿಮ್ಮದರಲ್ಲಿ ಎಂತೆಂತದೋ ಇರ್ತದೆ. ಇದು ಲಾಯ್ಕ ಇತ್ತು, ತಲೆನೋವು ಬರಲಿಲ್ಲ."

"ಮಾಂಜಿ ಕ್ಯಾನ್ಸಲ್!" ಎಂದು ಬಾಯಮ್ಮ ಗೇಟು ಬಡಿದು ಹೋದರು. ಮಾಂಜಿಯನ್ನೇನೂ ವಾಪಸು ಕೊಡಲಿಲ್ಲ, ರವೆ ಹಾಕಿ ಕಾಯಿಸಿದ ಪರಿಮಳ ಮಧ್ಯಾಹ್ನ ನಮ್ಮ ಮನೆಯವರೆಗೂ ಬಂತು. ಮುಂದಿನ ವರ್ಷದಿಂದ ನಮ್ಮ ತಲೆಗೆ ಏರಿಸುವ ಮೊದಲು ತಮ್ಮ ಕಿವಿಗೆ ಇಟ್ಟು ಪರೀಕ್ಷೆ ಮಾಡುವುದು ಶುರುವಾಯಿತು.

ಹಾಗೆಂದು ಅವರಿಬ್ಬರದು ಜಗಳದ ಸಂಬಂಧವೆಂದು ಯಾರೂ ತಿಳಿಯಬಾರದು. ಬಾಯಮ್ಮ ತಮ್ಮ ಪ್ರಾಣದಂತಿದ್ದ ಹೆಡ್‌ಫೋನನ್ನು ನಂಬಿ ಕೊಡುತ್ತಿದ್ದದ್ದು ಅಮ್ಮನ ಕೈಗೆ ಮಾತ್ರ. ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಕ್ರೈಸ್ತರು ತಮಗೆ ಇಷ್ಟವಾದದ್ದೊಂದನ್ನು ಬಿಡುತ್ತಾರೆ. ಬೇರೆಯವರು ಮಾಂಸ ಬಿಟ್ಟರೆ ಬಾಯಮ್ಮ ಹಾಡು ಬಿಡುತ್ತಿದ್ದರು. ವಿಭೂತಿ ಬುಧವಾರ ಬೆಳಿಗ್ಗೆ ಹಣೆಗೆ ಬೂದಿ ಹಚ್ಚಿಸಿಕೊಂಡು ಇಗರ್ಜಿಯಿಂದ ನೇರ ನಮ್ಮ ಮನೆಗೆ ಬಂದು ಹೆಡ್‌ಫೋನು ಒಪ್ಪಿಸುವರು. "ನಾನು ಬೇಡಿದರೂ ಕೊಡಬೇಡ ಗಿರಿಜಾ, ಕಾಲು ಹಿಡಿದರೂ ಕೊಡಬೇಡ." ಅಮ್ಮ ಅದನ್ನು ಕುಚ್ಚಲಕ್ಕಿಯ ಡಬ್ಬಿಯೊಳಗೆ ಹುಗಿದಿಡುವಳು. ಎರಡನೇ ವಾರಕ್ಕೇ ಬಾಯಮ್ಮನ ಮುಖ ಬಾಡುತ್ತಿತ್ತು. ಬಟ್ಟೆ ಒಣಗಿಸುವ ಕೆಲಸ ಪೂರ್ತಿ ತಮ್ಮನ ಹೆಂಡತಿ ಎಮಿಲಿಯ ಪಾಲಿಗೆ. ಸಂಜೆ ನನ್ನ ಹತ್ತಿರ ಬಂದು, "ನಿನಗೆ ಫೋನು ಬರುವುದಿಲ್ವಾ ಇವತ್ತು? ರಿಂಗ್‌ಟೋನ್ ಎಂತ ಇಟ್ಟಿದ್ದಿ?" ಎಂದು ಸುತ್ತುಬಳಸಿ ಕೇಳುತ್ತಿದ್ದರು. ಅದು ತಪ್ಪಲ್ಲವೇ ಎಂದರೆ, "ಪಾದ್ರಿಯವರಲ್ಲಿ ಕೇಳಿದ್ದೇನೆ. ತಾನಾಗಿ ಕಿವಿಗೆ ಬಿದ್ದರೆ ಪಾಪ ಇಲ್ಲ" ಎನ್ನುತ್ತಿದ್ದರು. ಈಸ್ಟರ್ ಬೆಳಿಗ್ಗೆ ಮಾತ್ರ ನಮ್ಮ ಕೋಳಿಗಿಂತ ಮೊದಲು ಬಾಯಮ್ಮನ ದನಿ ಕೇಳಿಸುತ್ತಿತ್ತು. "ಗಿರಿಜಾ, ಯೇಸು ಎದ್ದಾಯ್ತು! ಅಕ್ಕಿ ಡಬ್ಬಿ ತೆಗಿ!"

ಹೋದ ವರ್ಷದ ಹಿಂದಿನ ಕ್ರಿಸ್ಮಸಿಗೆ ಬಾಯಮ್ಮನಿಗೆ ಉಬ್ಬಸ ಜೋರಾಗಿತ್ತು. ನಮ್ಮ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತರು. ತಟ್ಟೆಯನ್ನು ಅಮ್ಮನಿಗೆ ಕೊಟ್ಟು, ಜಗಲಿಯ ಕುರ್ಚಿಯಲ್ಲಿ ಕೂತು, ಉಸಿರು ಸರಿಮಾಡಿಕೊಂಡು ಹೆಡ್‌ಫೋನು ಏರಿಸಿದರು. ಯಾವುದೋ ದ್ವೀಪದ ಹುಡುಗಿಯ ಹಾಡಂತೆ. ಯಾವ ಭಾಷೆ ಎಂದು ನಾನು ಕೇಳಿದೆ. "ಗೊತ್ತಿಲ್ಲ. ಗೊತ್ತಾದರೆ ಎಂತ ಸಿಕ್ತದೆ?" ಎಂದರು. ಅಮ್ಮನ ಮುಖ ಎಂದಿನಂತೆ ಕಲ್ಲು. ಹಾಡು ಮುಗಿದ ಮೇಲೆ "ಪರವಾಗಿಲ್ಲ" ಎಂದು ತಟ್ಟೆಯೊಂದಿಗೆ ಒಳಗೆ ಹೋದಳು.

ಆದರೆ ಮರುದಿನ ಹಿತ್ತಲಿನಲ್ಲಿ ಮೀನು ಕೊಯ್ಯುತ್ತಾ ಅಮ್ಮ ಏನನ್ನೋ ಗುನುಗುತ್ತಿದ್ದಳು. ನನ್ನ ಜನ್ಮದಲ್ಲಿ ಅಮ್ಮ ಗುನುಗಿದ್ದನ್ನು ಕೇಳಿದವಳಲ್ಲ ನಾನು. ಹತ್ತಿರ ಹೋದರೆ ಅದೇ ಹಾಡು. ಸಿಕ್ಕಿಬಿದ್ದವಳಂತೆ ಸುಮ್ಮನಾಗಿ, ಆಮೇಲೆ ಹೇಳಿದಳು: "ಅದರಲ್ಲಿ ನಡುವೆ ಎಲ್ಲರೂ ಸೇರಿ ಕೂಗು ಹಾಕ್ತಾರಲ್ಲ, ನನ್ನ ಅಪ್ಪ ಎಲ್ಲ ಸೇರಿ ಕೈರಂಪಣಿ ಎಳೆಯುವಾಗ ಹಾಗೆಯೇ ಇತ್ತು. ನಾನು ದಡದಲ್ಲಿ ಕೂತು ಕೇಳ್ತಿದ್ದೆ." ಊರವರೆಲ್ಲ ದಡದಲ್ಲಿ ನಿಂತು ಬಲೆ ಎಳೆಯುತ್ತಿದ್ದ ಆ ಕಾಲವನ್ನು ಅವಳು ಅದುವರೆಗೆ ನನ್ನಲ್ಲಿ ಎತ್ತಿಯೇ ಇರಲಿಲ್ಲ.

"ಹಾಗಾದರೆ ಬಾಯಮ್ಮನಿಗೆ ಹೇಳು" ಎಂದೆ.

"ಹೇಳುವುದೆಂತ? ತಟ್ಟೆ ಹೋಗ್ತದಲ್ಲ. ನೀನು ಬಾಯಿ ಬಿಡಬೇಡ."

ತಟ್ಟೆ ಹೋಗಲಿಲ್ಲ. ಆ ಸಲ ಅಂಜಲ್ ಬರುತ್ತಿದ್ದದ್ದೆಲ್ಲ ಸಣ್ಣದು. ಅಮ್ಮ ದಿನವೂ ಮಲ್ಪೆಯಲ್ಲಿ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ತಿರುವಿ ನೋಡಿ, "ಇದು ಅಂಜಲ್ ಅಲ್ಲ, ಅದರ ಮೊಮ್ಮಗು" ಎಂದು ಬಿಟ್ಟು ಬರುವಳು. ಇದ್ದದ್ದನ್ನೇ ಕೊಡೋಣವೆಂದರೆ ಕೇಳಲಿಲ್ಲ. ಹೊಸ ವರ್ಷ ಕಳೆಯಿತು, ಜನವರಿಯೂ ಮುಗಿಯಿತು. ಗೇಟಿನಲ್ಲಿ ಬಾಯಮ್ಮ ನನ್ನನ್ನು ಹಿಡಿದು ನಿಲ್ಲಿಸಿದರು. ಆವತ್ತು ಮಕ್ಕಳ ಹಾಡಿನ ವಿಷಯ ಕೇಳಲಿಲ್ಲ. "ತಟ್ಟೆಯೇ ಬರಲಿಲ್ಲ ಅಂದರೆ, ಒಣಮೀನಿಗೂ ಆಗಲಿಲ್ಲ ಅಂತಲಾ?" ಎಂದರು. ಅಮ್ಮ ಬಾಯಿ ಬಿಡಬೇಡ ಎಂದದ್ದಕ್ಕೆ ಹೆದರಿ, "ಬರ್ತದೆ ಬಾಯಮ್ಮ" ಎಂದಷ್ಟೇ ಹೇಳಿದೆ. ಆ ವಾರವೇ ಅವರನ್ನು ಮಣಿಪಾಲದ ಆಸ್ಪತ್ರೆಗೆ ಸೇರಿಸಿದರು.

ಮೂರು ದಿನ ಬಿಟ್ಟು ಮಧ್ಯಾಹ್ನ ನನ್ನ ಆಫೀಸಿಗೆ ಅಮ್ಮನ ಫೋನು. "ಆಸ್ಪತ್ರೆ ಬಾಗಿಲಿನಲ್ಲಿದ್ದೇನೆ. ಇವ ಬಿಡುವುದಿಲ್ಲ." ಓಡಿ ಹೋದೆ. ಕ್ರೋಶಾ ಬಟ್ಟೆ ಮುಚ್ಚಿದ ಸ್ಟೀಲಿನ ತಟ್ಟೆ ಹಿಡಿದು ಅಮ್ಮ ನಿಂತಿದ್ದಳು. ಬಸ್ಸಿನಲ್ಲಿ ಹಾಗೆಯೇ ಹಿಡಿದುಕೊಂಡು ಬಂದಿದ್ದಳಂತೆ. ಕರಿದ ಅಂಜಲಿನ ಪರಿಮಳಕ್ಕೆ ಹೊರಗಿನ ಬೆಂಚಿನಲ್ಲಿದ್ದವರೆಲ್ಲ ಇತ್ತ ತಿರುಗಿದ್ದರು.

"ಹೊರಗಿನ ಊಟ ಬಿಡ್ಲಿಕ್ಕಿಲ್ಲ ಅಮ್ಮ" ಎನ್ನುತ್ತಿದ್ದ ಕಾವಲುಗಾರ.

"ಊಟ ಅಲ್ಲ ಮಾರಾಯ, ಇದು ರಿಸಲ್ಟ್" ಎಂದಳು ಅಮ್ಮ.

"ಯಾರದ್ದು? ರಕ್ತದ್ದಾ?"

"ಹಾಡಿನದ್ದು."

ಅವನು ಕಾರ್ಕಳದವನು, ಅಂಜಲ್ ಎಂದರೆ ಏನೆಂದು ಗೊತ್ತಿದ್ದವನು. ಬಟ್ಟೆಯ ತುದಿ ಎತ್ತಿ ನೋಡಿದ. ನಾನು ಗಡಿಬಿಡಿಯಲ್ಲಿ ಕೊರಿಯಾದ ಹುಡುಗರಿಂದ ಹಿಡಿದು ಮಾಂಜಿಯವರೆಗೆ ಎಲ್ಲ ಹೇಳಿದೆ. ಅವನಿಗೆ ಏನು ಅರ್ಥವಾಯಿತೋ, "ಬೇಗ ಬನ್ನಿ ಅಕ್ಕ, ನಾನು ನೋಡಲಿಲ್ಲ" ಎಂದು ಆಚೆ ತಿರುಗಿ ನಿಂತ.

ಬಾಯಮ್ಮ ಮೂಗಿಗೆ ನಳಿಗೆ ಹಾಕಿಸಿಕೊಂಡು ದಿಂಬಿಗೊರಗಿದ್ದರು. ಕೆಂಪು ಹೆಡ್‌ಫೋನು ಕುತ್ತಿಗೆಯಲ್ಲಿತ್ತು. ಅಮ್ಮ ತಟ್ಟೆಯನ್ನು ಅವರ ತೊಡೆಯ ಮೇಲಿಟ್ಟು ಬಟ್ಟೆ ತೆಗೆದಳು. ತಟ್ಟೆ ತುಂಬುವಂಥ ಒಂದೇ ತುಂಡು.

ಬಾಯಮ್ಮ ಅದನ್ನು ನೋಡಿದರು, ಅಮ್ಮನನ್ನು ನೋಡಿದರು. "ಇಷ್ಟು ದಿವಸ ಎಂತ ಮಾಡಿದ್ದು ನೀನು?"

"ದೊಡ್ಡದು ಸಿಕ್ಕಿರಲಿಲ್ಲ. ಆ ಹಾಡಿಗೆ ಸಣ್ಣದು ಸಾಕಾಗುವುದಿಲ್ಲ ಬಾಯಮ್ಮ."

ಬಾಯಮ್ಮ ಗೋಡೆಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಎರಡೂ ಕೈಯಲ್ಲಿ ತಟ್ಟೆ ಹಿಡಿದು ನೆಟ್ಟಗೆ ಕೂತರು. ಅಮ್ಮ ಒಂದು ಚೂರು ಮುರಿದು ಅವರ ಬಾಯಿಗಿಟ್ಟಳು. ಬಾಯಮ್ಮ ಕಣ್ಣು ಮುಚ್ಚಿ ನಿಧಾನವಾಗಿ ಅಗಿದರು. ಅಮ್ಮ ಎದುರಿನಲ್ಲಿ ನಿಂತು ಅವರ ಮುಖವನ್ನೇ ನೋಡುತ್ತಿದ್ದಳು.

"ಪರವಾಗಿಲ್ಲ" ಎಂದರು ಬಾಯಮ್ಮ. "ಮಸಾಲೆ ಮಾತ್ರ ಸ್ವಲ್ಪ ಹಳೆ ನಮೂನೆ."

ಅಮ್ಮ ಜೋರಾಗಿ ನಕ್ಕಳು. ನರ್ಸು ಓಡಿ ಬಂದು ಮೂವರನ್ನೂ ಗದರಿಸಿದಳು.

ಹೊರಡುವಾಗ ಬಾಯಮ್ಮ ಕುತ್ತಿಗೆಯಿಂದ ಹೆಡ್‌ಫೋನು ತೆಗೆದು ಅಮ್ಮನ ಕೈಗಿತ್ತರು. "ಬುಧವಾರ ವಿಭೂತಿ. ಅಕ್ಕಿಯಲ್ಲಿಡು. ಈಸ್ಟರಿಗೆ ಬರ್ತೇನೆ" ಎಂದರು.

ತಪಸ್ಸುಕಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ಈಸ್ಟರ್ ದಿನ ಅಮ್ಮ ಕತ್ತಲಿರುವಾಗಲೇ ಎದ್ದು ಜಗಲಿಯಲ್ಲಿ ಕೂತಿದ್ದಳು. ಕೋಳಿ ಕೂಗಿತು, ಇಗರ್ಜಿಯ ಗಂಟೆ ಹೊಡೆಯಿತು, ಯಾರೂ ಬರಲಿಲ್ಲ. ಆವತ್ತು ಅಮ್ಮ ಅತ್ತಳು. ಆಮೇಲೆ ಮಾರ್ಕೆಟಿಗೆ ಹೋದಳು.

ಆಸ್ಪತ್ರೆಯಿಂದ ತಂದ ತಟ್ಟೆ ನಮ್ಮಲ್ಲೇ ಉಳಿದಿತ್ತು. ಕಳೆದ ಕ್ರಿಸ್ಮಸಿಗೆ ಎಮಿಲಿ ಬೇರೊಂದು ತಟ್ಟೆಯಲ್ಲಿ ಕುಸ್ವಾರ್ ಕಳಿಸಿದರು. ಅಮ್ಮ ಅದನ್ನು ಬಾಯಮ್ಮನ ತಟ್ಟೆಗೆ ಸುರಿದುಕೊಂಡಳು. ಅಕ್ಕಿ ಡಬ್ಬಿಯಿಂದ ಹೆಡ್‌ಫೋನು ತೆಗೆದು, ತವಡು ಒರೆಸಿ, ನನ್ನಿಂದ ಚಾರ್ಜು ಮಾಡಿಸಿದಳು. ನಾನು ಮೊದಲು ನನ್ನ ಕಿವಿಗಿಟ್ಟು ಪರೀಕ್ಷಿಸಿದೆ. ಅಮ್ಮ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಜಗಲಿಯಲ್ಲಿ ನೆಟ್ಟಗೆ ನಿಂತು, "ಹಾಕು" ಎಂದಳು.

ಅವಳಿಗೆ ಪ್ರಿಯವೆಂದು ಆ ದ್ವೀಪದ ಹುಡುಗಿಯ ಹಾಡನ್ನೇ ಹಾಕಿದೆ. ಅಮ್ಮ ಎರಡು ಸಾಲು ಕೇಳಿ ತಲೆ ಅಲ್ಲಾಡಿಸಿದಳು.

"ಇದು ಆಗುವುದಿಲ್ಲ, ಹೋದ ಸಲದ್ದು. ಹೊಸತು ಯಾವುದುಂಟು ನೋಡು. ಬಾಯಮ್ಮನಿಗೆ ಹಳತು ಹಾಕಿದರೆ ಸಿಟ್ಟು ಬರ್ತದೆ."